ಅಂಟು ಕೊಡಿಸಿದ ಸಂದರ್ಶನ

ಫೆಬ್ರವರಿ 3, ಸೋಮವಾರ

ಶುಕ್ರವಾರ ಸಂಜೆ ಬಣ್ಣದ ಕಂಪನಿಯವರು ನನಗೊಂದು ಹೂಗುಚ್ಛ ಕೊಟ್ಟು, ಚಪ್ಪಾಳೆ ತಟ್ಟಿ, ಗೇಟಿನ ಪಾಸನ್ನು ವಾಪಸು ಇಸಿದುಕೊಂಡರು. ಹೂವುಗಳನ್ನು ಕೆಂಪು ನೀರಿನಲ್ಲಿ ಅದ್ದಿದ್ದರು. ಅದೂ ದಳಗಳ ತುದಿಗೆ ಸರಿಯಾಗಿ ಹತ್ತಿರಲಿಲ್ಲ. ಇಷ್ಟು ವರ್ಷ ಬಣ್ಣ ನೋಡಿದವಳಿಗೆ ಕೊಡುವ ಹೂವನ್ನಾದರೂ ನೋಡಿ ತರಬಹುದಿತ್ತು.

ನನ್ನ ಕೆಲಸ ಏನಿತ್ತೆಂದು ನೆಂಟರಿಗೆಲ್ಲ ವಿವರಿಸಿ ಬಾಯಿ ಒಣಗಿದೆ. ಡಬ್ಬಿಯೊಳಗಿನ ಬಣ್ಣವೂ ಗಿರಾಕಿಗೆ ತೋರಿಸಿದ ಕಾರ್ಡಿನ ಬಣ್ಣವೂ ಒಂದೇ ಹೌದೋ ಅಲ್ಲವೋ ಎಂದು ನೋಡಿ ಹೇಳುವುದು. ಹೊರಗಿನಿಂದ ಬರುವ ಬಣ್ಣದ ಪುಡಿಯನ್ನು ಪರೀಕ್ಷಿಸಿ ಪಾಸು ಮಾಡುವುದು, ಇಲ್ಲವೇ ಫೇಲು ಮಾಡುವುದು. ಈಗ ಅದಕ್ಕೊಂದು ಯಂತ್ರ ಬಂದಿದೆ. ಯಂತ್ರಕ್ಕೆ ಸೊಂಟನೋವಿಲ್ಲ, ರಜೆ ಬೇಕಿಲ್ಲ, ಸ್ವಂತ ಅಭಿಪ್ರಾಯವಿಲ್ಲ. ಮೂರನೆಯದೇ ಅವರಿಗೆ ಹೆಚ್ಚು ಹಿಡಿಸಿರಬೇಕು.

ನಮ್ಮ ಮ್ಯಾನೇಜರನ್ನು ಎಲ್ಲರೂ ದೊಡ್ಡವರು ಎನ್ನುತ್ತೇವೆ. ಬೀಳ್ಕೊಡುಗೆಯ ಭಾಷಣದಲ್ಲಿ ಅವರು, ನಾವೆಲ್ಲ ಒಂದೇ ಕುಟುಂಬ, ಯಾವಾಗ ಬೇಕಾದರೂ ಫೋನ್ ಮಾಡಿ ಎಂದರು. ಹೇಳುವಾಗ ಕೈಗಡಿಯಾರ ನೋಡಿಕೊಂಡರು.

ಇವತ್ತು ನಮ್ಮ ಮನೆಯವರು ಎಂದಿನಂತೆ ಕಟ್ಟುವ ಹಲ್ಲು ತಯಾರಿಸುವ ತಮ್ಮ ಲ್ಯಾಬಿಗೆ ಹೋದರು. ಮಗಳು ಕಾಲೇಜಿಗೆ ಹೋದಳು. ಅತ್ತೆ ಲಿಫ್ಟಿಗೆ ಹೋದರು. ಅತ್ತೆಗೆ ಕೆಳಗೆ ಕೆಲಸವೇನೂ ಇರಲಿಲ್ಲ. ಹತ್ತುವವರು ಇಳಿಯುವವರು ಎಲ್ಲರೂ ಸಿಗುವ ಜಾಗ ಅದೊಂದೇ. ಮಧ್ಯಾಹ್ನದೊಳಗೆ ನನ್ನ ಕೆಲಸ ಹೋದ ಸುದ್ದಿ ಟೆರೇಸಿನ ನೀರಿನ ಟ್ಯಾಂಕು ತೊಳೆಯುವವನಿಗೂ ಮುಟ್ಟಿತ್ತು. ಅವನು ಪೈಪು ಹಿಡಿದುಕೊಂಡೇ ನನಗೆ ಧೈರ್ಯ ಹೇಳಿದ.

ಫೆಬ್ರವರಿ 6, ಗುರುವಾರ

ಮಗಳು ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ನನಗೊಂದು ಪ್ರೊಫೈಲು ಮಾಡಿಕೊಟ್ಟಳು. ಅದರ ಪ್ರಕಾರ ನನಗೆ ಬಣ್ಣಗಳ ಬಗ್ಗೆ ಅದಮ್ಯವಾದ ಉತ್ಸಾಹವಿದೆ. ಮನೆಯ ಗೋಡೆಗಳಿಗೆಲ್ಲ ಬಿಳಿ ಬಳಿಸಿ ಕೂತವಳು ನಾನು. ಸಂಜೆ ಮನೆಗೆ ಬಂದಮೇಲೆ ಯಾವ ಬಣ್ಣದ ಮುಖವನ್ನೂ ನೋಡಬಾರದೆಂದು.

ಈಗ ಬರೀ ಅರ್ಜಿ ಹಾಕಿದರೆ ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲವಂತೆ. ವೃತ್ತಿಯಲ್ಲಿ ಪರಿಚಯವಾದವರನ್ನೆಲ್ಲ ಹುಡುಕಿ ಮಾತಾಡಿಸಬೇಕಂತೆ. ಹಾಗೆ ಮಾತಾಡಿಸುವಾಗ ಕೆಲಸ ಕೊಡಿ ಎಂದು ಮಾತ್ರ ಕೇಳಬಾರದು. "ನಿಮ್ಮ ಸಲಹೆ ಬೇಕಿತ್ತು" ಎನ್ನಬೇಕು. ಅವರಿಗೂ ನಾವು ಕೇಳುತ್ತಿರುವುದು ಕೆಲಸವೆಂದು ಗೊತ್ತಿರುತ್ತದೆ. ಅವರೂ ಸಲಹೆ ಕೊಡುವಂತೆ ನಟಿಸುತ್ತಾರೆ. ಇಷ್ಟು ಜನ ಕೂಡಿ ಒಂದು ಶಬ್ದವನ್ನು ಬಾಯಿಗೆ ತಾರದೆ ಕಾಪಾಡುವುದನ್ನು ವೃತ್ತಿಸಂಬಂಧ ಎನ್ನುತ್ತಾರೆಂದು ಐವತ್ತೆರಡನೇ ವಯಸ್ಸಿನಲ್ಲಿ ಕಲಿತೆ.

ಫೆಬ್ರವರಿ 10, ಸೋಮವಾರ

ದೊಡ್ಡವರಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದರು. ಮಧ್ಯಾಹ್ನ ಮಾಡಿದೆ. ಊಟದಲ್ಲಿದ್ದರು. ಸಂಜೆ ಮಾಡಿದಾಗ ಅವರ ಸೆಕ್ರೆಟರಿ, ವಿಷಯ ಏನೆಂದು ಹೇಳಿದರೆ ತಲುಪಿಸುತ್ತೇನೆ ಎಂದಳು. ಕುಟುಂಬದವಳು ಎಂದು ಹೇಳಿ ಇಟ್ಟುಬಿಟ್ಟೆ. ಪಾಪ, ಆ ಹುಡುಗಿ ಅವರ ಹೆಂಡತಿಗೆ ಏನು ವರದಿ ಕೊಟ್ಟಳೋ.

ಇನ್ನು ನನ್ನ ಶಿಷ್ಯೆ. ಲ್ಯಾಬಿಗೆ ಸೇರಿದಾಗ ಕಿತ್ತಳೆಗೂ ಕೆಂಪಿಗೂ ವ್ಯತ್ಯಾಸ ತಿಳಿಯದೆ ಕಣ್ಣೀರು ಹಾಕುತ್ತಿದ್ದವಳು. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೆ. ಈಗ ಪ್ಲಾಸ್ಟಿಕ್ ಕುರ್ಚಿ ಮಾಡುವ ದೊಡ್ಡ ಕಾರ್ಖಾನೆಯಲ್ಲಿ ಖರೀದಿ ವಿಭಾಗಕ್ಕೆ ಮುಖ್ಯಸ್ಥೆ. ಅವಳಿಗೊಂದು ಮೆಸೇಜು ಬರೆಯುವುದರಲ್ಲಿ ಇಡೀ ಬೆಳಗು ಹೋಯಿತು. ಹೇಗಿದ್ದೀಯಾ ಎಂದು ಬರೆದು ಅಳಿಸಿದೆ. ಹೇಗಿದ್ದೀರಿ ಎಂದು ಬರೆದು, ಅದನ್ನು ನೋಡಿ ನನಗೇ ನಾಚಿಕೆಯಾಗಿ ಮತ್ತೆ ಅಳಿಸಿದೆ. ಕೊನೆಗೆ "ಸಲಹೆ ಬೇಕಿತ್ತು" ಎಂದು ಕಳಿಸಿದೆ. ಒಂದು ಹೆಬ್ಬೆಟ್ಟಿನ ಚಿತ್ರ ಬಂತು. ಹಿಂದೆಯೇ "ಖಂಡಿತ ಮೇಡಂ, ನೋಡ್ತೀನಿ" ಎಂದು ಬಂತು.

ಏನನ್ನು ನೋಡುತ್ತಾಳೆ? ನಾನಿನ್ನೂ ಏನನ್ನೂ ಕೇಳಿರಲಿಲ್ಲ.

ಫೆಬ್ರವರಿ 12, ಬುಧವಾರ

ಯಾರೂ ಫೋನ್ ಮಾಡಲಿಲ್ಲ. ತಪ್ಪು ಬರೆದೆ, ಒಬ್ಬಳು ಮಾಡಿದ್ದಳು. ಹೊಸ ಕಾರು ಕೊಳ್ಳುವ ವಿಚಾರವಿದೆಯೇ ಎಂದು ಕೇಳಿದಳು. ದನಿ ಬಹಳ ಮುದ್ದಾಗಿತ್ತು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಮಾತಾಡಿದೆ.

ಫೆಬ್ರವರಿ 15, ಶನಿವಾರ

ಬಣ್ಣದ ಉದ್ಯಮದವರೆಲ್ಲ ವರ್ಷಕ್ಕೊಮ್ಮೆ ಹೋಟೆಲೊಂದರ ಹಾಲಿನಲ್ಲಿ ಸೇರುತ್ತಾರೆ. ಮಗಳ ಬಲವಂತಕ್ಕೆ ಹೋದೆ. ಬಾಗಿಲಲ್ಲಿ ಕೊರಳಿಗೆ ಒಂದು ಚೀಟಿ ಹಾಕಿದರು. ಎಲ್ಲರ ಚೀಟಿಯಲ್ಲೂ ಹೆಸರು, ಅದರ ಕೆಳಗೆ ಕಂಪನಿ. ನನ್ನದರಲ್ಲಿ ಹೆಸರು, ಅದರ ಕೆಳಗೆ ಬಿಳಿ.

ಆ ಬಿಳಿಗೆ ಎಂಥ ಶಕ್ತಿ! ಹಲ್ಲು ಬಿಟ್ಟುಕೊಂಡು ಬಂದವರ ಕಣ್ಣು ಮೊದಲು ಚೀಟಿಗೆ ಇಳಿಯುತ್ತಿತ್ತು, ಅಲ್ಲಿಂದ ನೇರ ನನ್ನ ಭುಜದ ಮೇಲೆ ಹಾದು ಹಿಂದಿನವರನ್ನು ಹುಡುಕುತ್ತಿತ್ತು. ದೊಡ್ಡವರೂ ಬಂದಿದ್ದರು. ದೂರದಿಂದಲೇ ಕೈಬೀಸಿ, ಫೋನನ್ನು ಕಿವಿಗಿಟ್ಟುಕೊಂಡರು. ಫೋನಿನ ಪರದೆ ಕಪ್ಪಗಿತ್ತು.

ಊಟದ ಸಾಲಿನಲ್ಲಿ ಹಿಂದಿನಿಂದ ಯಾರೋ ನಮಸ್ಕಾರ ಎಂದರು. ತಿರುಗಿ ನೋಡಿದರೆ ಅಂಟು. ಈ ಹೆಸರು ನಾನಿಟ್ಟದ್ದು, ನನ್ನೊಳಗೇ ಇಟ್ಟುಕೊಂಡದ್ದು. ಬಣ್ಣದ ಪುಡಿ ಮಾರುವವನು. ಒಮ್ಮೆ ಹತ್ತಿದರೆ ಬಿಡುವುದಿಲ್ಲ. ತಿಂಗಳಿಗೊಮ್ಮೆ ಲ್ಯಾಬಿಗೆ ಡಬ್ಬಿ ಹಿಡಿದು ಬರುತ್ತಿದ್ದ. ಅವನ ನೀಲಿಯನ್ನು ನಾನು ಫೇಲು ಮಾಡುತ್ತಿದ್ದೆ. ಅವನು ಚಹಾ ಕುಡಿದು, ಥ್ಯಾಂಕ್ಸ್ ಹೇಳಿ ಹೋಗಿ, ಮುಂದಿನ ತಿಂಗಳು ಅದೇ ನೀಲಿಯನ್ನು ಬೇರೆ ಡಬ್ಬಿಯಲ್ಲಿ ಹಿಡಿದು ಮತ್ತೆ ಹಾಜರಾಗುತ್ತಿದ್ದ. ಇಡೀ ಹಾಲಿನಲ್ಲಿ ನನ್ನನ್ನು ಮಾತಾಡಿಸಲು ಸಿಕ್ಕವನು ಇವನೇ.

ಚೀಟಿ ನೋಡಿದ. ಕಣ್ಣು ಭುಜದ ಮೇಲೆ ಹೋಗಲಿಲ್ಲ.

"ಕೆಲಸ ಹುಡುಕ್ತಾ ಇದ್ದೀರಾ?" ಎಂದು ಕೇಳಿಯೇಬಿಟ್ಟ.

ಇಲ್ಲ, ಸ್ವಲ್ಪ ವಿರಾಮ ತೆಗೆದುಕೊಂಡಿದ್ದೇನೆ ಎಂದೆ.

"ಸರಿ. ವಿರಾಮ ಮುಗಿದ ಮೇಲೆ ಹೇಳಿ."

ಎಷ್ಟು ಸೊಕ್ಕು. ಪುಡಿ ಮಾರುವವನ ಹತ್ತಿರ ನಾನು ಕೆಲಸ ಕೇಳಬೇಕಂತೆ.

ಫೆಬ್ರವರಿ 24, ಸೋಮವಾರ

ಇವರ ಲ್ಯಾಬಿನಲ್ಲಿ ಕೆಲಸ ವಾರಕ್ಕೆ ಮೂರೇ ದಿನ ಎಂದು ಹೇಳಿದ್ದಾರೆ. ಜನ ಹಲ್ಲಿಲ್ಲದೆ ಇರುವುದಕ್ಕೆ ತಯಾರಾಗಿದ್ದಾರಂತೆ. ಇವರು ಇದನ್ನು ನಗುತ್ತ ಹೇಳಿದರು. ಆಮೇಲೆ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು. ಮಗಳು ತನಗೆ ಮುಂದೆ ಓದುವ ಮನಸ್ಸೇ ಇಲ್ಲ, ಈ ವರ್ಷಕ್ಕೆ ಸಾಕು ಎಂದಳು. ಹೋದ ತಿಂಗಳು ಇದೇ ಹುಡುಗಿ ಓದುವ ಊರನ್ನೂ ಹಾಸ್ಟೆಲನ್ನೂ ಆರಿಸಿಟ್ಟಿದ್ದಳು. ಸುಳ್ಳು ಹೇಳುವುದರಲ್ಲಿ ಅಪ್ಪನಷ್ಟೇ ದಡ್ಡಿ.

ಅತ್ತೆ ಮಾತ್ರ ಕೈಕಟ್ಟಿ ಕೂತಿಲ್ಲ. ಲಿಫ್ಟಿನಲ್ಲಿ ಎರಡನೇ ಮಹಡಿಯವರನ್ನು ಹಿಡಿದು ನನಗೊಂದು ಸಂದರ್ಶನ ಗೊತ್ತುಮಾಡಿಯೇಬಿಟ್ಟರು. ಹೋದೆ. ಅವರದು ಬೂಟು ಚಪ್ಪಲಿಯ ಅಂಗಡಿ. ಬಣ್ಣ ನೋಡುವ ಕೆಲಸವೇ ಎಂದು ಅತ್ತೆ ಹೇಳಿದ್ದು ಸುಳ್ಳೇನಲ್ಲ. ಕಂದು ಬೂಟು ಕೇಳಿದವರಿಗೆ ಕಪ್ಪು ಬೂಟು ಕೊಡಬಾರದು. ಅವರು ನನ್ನ ವಯಸ್ಸು ಕೇಳಿ, ಬಗ್ಗಿ ಎದ್ದು ಮಾಡಲು ಆಗುತ್ತದೆಯೇ ಎಂದು ಕೇಳಿ, ಒಮ್ಮೆ ಬಗ್ಗಿ ತೋರಿಸಲು ಹೇಳಿದರು. ಬಗ್ಗಿದೆ. ಏಳುವಾಗ ಕಪಾಟು ಹಿಡಿದುಕೊಂಡೆ.

ತಿಳಿಸುತ್ತೇವೆ ಎಂದಿದ್ದಾರೆ.

ಫೆಬ್ರವರಿ 27, ಗುರುವಾರ

ವಿರಾಮ ಮುಗಿಯಿತು. ಅಂಟುವಿಗೆ ಫೋನ್ ಮಾಡಿದೆ.

ಸಲಹೆ ಬೇಕಿತ್ತು ಎಂದು ಶುರುಮಾಡಿದೆ. ಅವನು ತಡೆದು, ಎಂಥ ಕೆಲಸವಾದರೆ ಮಾಡುತ್ತೀರಿ, ಎಷ್ಟು ದೂರವಾದರೆ ಹೋಗಿಬರುತ್ತೀರಿ ಎಂದು ಎರಡು ಪ್ರಶ್ನೆ ಕೇಳಿದ. ನಾನು ಕುಡಿಯುತ್ತಿದ್ದ ಚಹಾ ಆರುವ ಮೊದಲೇ ವಾಪಸು ಫೋನ್ ಬಂತು. ಬಸ್ಸು, ಆಂಬುಲೆನ್ಸು, ಆಸ್ಪತ್ರೆ ಮಂಚ ಇಂಥವಕ್ಕೆ ಬಣ್ಣ ಮಾಡುವ ಕಂಪನಿ. ಅಲ್ಲಿಯ ಲ್ಯಾಬಿನ ಮುಖ್ಯಸ್ಥೆಗೆ ಹೇಳಿದ್ದಾನಂತೆ. ಮುಂದಿನ ಗುರುವಾರ ಹೋಗಬೇಕು. ಅವರು ಯಾರ ಶಿಫಾರಸಿಗೂ ಸೊಪ್ಪು ಹಾಕುವವರಲ್ಲವಂತೆ, ಆದರೆ ಸಂದರ್ಶನಕ್ಕೆ ಒಪ್ಪಿದ್ದಾರೆ.

ನನ್ನ ಬಗ್ಗೆ ಏನು ಹೇಳಿದಿರಿ ಎಂದು ಕೇಳಿದೆ.

"ಇದ್ದಿದ್ದು ಹೇಳಿದೆ."

ಇದ್ದದ್ದು ಏನೋ, ಯಾವನಿಗೆ ಗೊತ್ತು. ಇವರಿಗೆ ಹೇಳಿದಾಗ ಹುಬ್ಬೇರಿಸಿದರು. ಪುಕ್ಕಟೆಯಾಗಿ ಯಾರು ಮಾಡುತ್ತಾರೆ, ನೀನು ಆ ಲ್ಯಾಬಿನಲ್ಲಿ ಕೂತರೆ ಅವನ ಪುಡಿಗೆ ದಾರಿಯಾಯಿತಲ್ಲ ಎಂದರು. ನನಗೂ ಹಾಗೇ ಅನಿಸಿತ್ತು. ಇಷ್ಟು ವರ್ಷ ನನ್ನ ಮುಂದೆ ಕೂತು ಕುಡಿದ ಚಹಾಕ್ಕೆಲ್ಲ ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಾನೆ. ಮಾಡಲಿ. ಬಗ್ಗಿ ಎದ್ದು ತೋರಿಸಿದ್ದಾಗಿದೆ, ಇನ್ನೇನು.

ಮಾರ್ಚ್ 3, ಸೋಮವಾರ

ಅಂಟು ಮನೆಗೇ ಬಂದ. ಸಂದರ್ಶನಕ್ಕೆ ನನ್ನನ್ನು ತಯಾರು ಮಾಡಲಿಕ್ಕಂತೆ. ಅತ್ತೆ ಚಹಾ ಕೊಟ್ಟು, ಅವನ ಹೆಂಡತಿಯ ಆರೋಗ್ಯ, ತಮ್ಮ ಮಂಡಿನೋವಿಗೆ ಹಚ್ಚುವ ಎಣ್ಣೆ, ಅವನ ತೂಕ ಎಲ್ಲವನ್ನೂ ವಿಚಾರಿಸಿದರು. ಅವನು ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟ. ಮಾರಾಟದವರ ತಾಳ್ಮೆ.

ಮುಖ್ಯಸ್ಥೆಗೆ ಉದ್ದ ಮಾತು ಹಿಡಿಸುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಡಿ ಎಂದ. ಅವನ ಬಾಯಿಂದ "ನಮ್ಮ ಮಾಲಿನ ಕಡೆಗೂ ಸ್ವಲ್ಪ ಗಮನ ಇರಲಿ" ಎಂಬ ಮಾತು ಯಾವಾಗ ಬೀಳುತ್ತದೋ ಎಂದು ಬಾಯನ್ನೇ ನೋಡುತ್ತ ಕೂತಿದ್ದೆ. ಎರಡನೇ ಲೋಟ ಚಹಾ ಮುಗಿದರೂ ಬೀಳಲಿಲ್ಲ. ಕೊನೆಗೆ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ಆ ಕಂಪನಿ ಇನ್ನೂ ತನ್ನ ಪುಡಿ ಕೊಳ್ಳುತ್ತಿಲ್ಲ, ನೋಡುತ್ತಿದ್ದಾರೆ, ಈ ಸಲ ಆಗಬಹುದು ಎಂದ.

ಬಂತಲ್ಲ. ಇಷ್ಟು ಹೊತ್ತು ಬಾಲವನ್ನು ಎಲ್ಲಿ ಮಡಚಿಟ್ಟುಕೊಂಡಿದ್ದನೋ.

ಮಾರ್ಚ್ 6, ಗುರುವಾರ

ಬರೆಯಲು ಬಹಳ ಇದೆ. ಸುಮ್ಮನೆ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಅಂಟು ಕಾರು ತಂದಿದ್ದ. ತಾನೂ ಆ ಕಡೆಗೇ ಹೋಗಬೇಕು ಎಂದ. ಸುಳ್ಳು. ನನ್ನನ್ನು ಇಳಿಸಿ ಅದೇ ಗೇಟಿನ ಹೊರಗೆ ಮರದ ನೆರಳಿಗೆ ಕಾರು ಹಚ್ಚಿ ಪೇಪರು ಬಿಡಿಸಿದ.

ಒಳಗೆ ಇಬ್ಬರಿದ್ದರು. ಲ್ಯಾಬಿನ ಮುಖ್ಯಸ್ಥೆ, ಮತ್ತು ನೌಕರರ ವಿಭಾಗದ ಒಬ್ಬ ಯುವಕ. ಯುವಕ, ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ನೋಡುತ್ತೀರಿ ಎಂದು ಕೇಳಿದ. ಕನ್ನಡಕದ ಅಂಗಡಿಯಲ್ಲಿ ಎಂದೆ. ಅವನು ಅದನ್ನು ಬರೆದುಕೊಂಡ. ಮುಖ್ಯಸ್ಥೆ ನಗಲಿಲ್ಲ, ಆದರೆ ಪೆನ್ನು ಕೆಳಗಿಟ್ಟರು. ನಿಮ್ಮ ಕೆಲಸ ಮಾಡಲು ಯಂತ್ರ ಬಂದಿದೆಯಲ್ಲ ಎಂದು ಅವನೇ ಮತ್ತೆ ಕೇಳಿದ. ಬಂದಿದೆ, ಚೆನ್ನಾಗಿದೆ, ಅದು ಹೇಳಿದ್ದನ್ನು ನಂಬಬೇಕೋ ಬೇಡವೋ ಎಂದು ಹೇಳುವ ಯಂತ್ರ ಇನ್ನೂ ಬಂದಿಲ್ಲ ಎಂದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ಕಲಿತಿದ್ದ ಉತ್ತರ. ಪರವಾಗಿಲ್ಲ, ಸರಾಗವಾಗಿ ಬಂತು.

ಆಮೇಲೆ ಮುಖ್ಯಸ್ಥೆ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ದೀಪದ ಕೆಳಗೆ ನೀಲಿ ಬಳಿದ ಎರಡು ತಗಡು. ಒಂದರಲ್ಲಿ ಈಗ ಬಳಸುತ್ತಿರುವ ಪುಡಿ, ಇನ್ನೊಂದರಲ್ಲಿ ಕೊಳ್ಳಬೇಕೆಂದಿರುವ ಹೊಸ ಪುಡಿ. ಪಾಸೋ ಫೇಲೋ ಹೇಳಿ ಎಂದರು. ದೀಪದಡಿ ಎರಡೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಕಿಟಕಿ ಎಲ್ಲಿದೆ ಎಂದು ಕೇಳಿದೆ. ತಗಡುಗಳನ್ನು ಕಿಟಕಿಗೆ ಒಯ್ದು ಹಗಲ ಬೆಳಕಿಗೆ ಸ್ವಲ್ಪ ವಾರೆಯಾಗಿ ಹಿಡಿದೆ.

ಹೊಸದು ಹಸಿರು ಹೊಡೆಯಿತು.

ಆ ಹಸಿರು ನನಗೆ ಗೊತ್ತು. ಮಗಳ ಕೈಬರಹ ಗೊತ್ತಿರುವಷ್ಟು ಗೊತ್ತು. ತಿಂಗಳು ತಿಂಗಳು ನನ್ನ ಮೇಜಿಗೆ ಬಂದು, ನನ್ನಿಂದ ಬೈಸಿಕೊಂಡು ಹೋಗುತ್ತಿದ್ದ ಹಸಿರು. ಅದು ಅಂಟುವಿನ ನೀಲಿ.

ಕಿಟಕಿಯಿಂದ ಗೇಟಿನಾಚೆ ಅವನ ಕಾರೂ ಕಾಣುತ್ತಿತ್ತು. ಪೇಪರು ಮಡಚಿಟ್ಟು ನಿದ್ದೆ ಹೋಗಿದ್ದ, ಬಾಯಿ ತೆರೆದಿತ್ತು. ಪಾಸು ಎನ್ನಲು ಎಷ್ಟು ಹೊತ್ತು ಬೇಕು? ವ್ಯತ್ಯಾಸ ಕೂದಲೆಳೆಯಷ್ಟು. ಬಸ್ಸಿನಲ್ಲಿ ಹೋಗುವವರು ಬಸ್ಸಿನ ನೀಲಿಯನ್ನು ಕಿಟಕಿಗೆ ಹಿಡಿದು ನೋಡುವುದಿಲ್ಲ. ಅವನಿಗೆ ಆರ್ಡರು, ನನಗೆ ಕೆಲಸ, ಮಗಳಿಗೆ ಹಾಸ್ಟೆಲು. ಇವರು ನಲ್ಲಿ ಬಿಟ್ಟುಕೊಂಡು ನಿಲ್ಲುವುದು ನೆನಪಾಯಿತು. ಇಷ್ಟೆಲ್ಲ ಯೋಚಿಸಿ ಮುಗಿಯುವ ಮೊದಲೇ ಬಾಯಿ ತನ್ನ ಅಭ್ಯಾಸದ ಪ್ರಕಾರ ಹೇಳಿಬಿಟ್ಟಿತು.

"ಫೇಲು. ಹಸಿರು ಹೊಡೀತಾ ಇದೆ."

ಮುಖ್ಯಸ್ಥೆ ತಾವೂ ಕಿಟಕಿಗೆ ಬಂದು ನೋಡಿದರು. ಯಾರ ಪುಡಿ ಎಂದು ಗೊತ್ತಿದೆಯಾ ಎಂದು ಕೇಳಿದರು.

"ಗೊತ್ತು. ಹೊರಗೆ ಕಾರಲ್ಲಿ ಕೂತಿದ್ದಾರೆ."

ಅವರು ಹೊರಗೆ ನೋಡಿದರು, ನನ್ನನ್ನು ನೋಡಿದರು, ತಿಳಿಸುತ್ತೇವೆ ಎಂದರು. ಚಪ್ಪಲಿ ಅಂಗಡಿಯವರೂ ಇದನ್ನೇ ಹೇಳಿದ್ದರು.

ಕಾರಿನ ಗಾಜು ತಟ್ಟಿ ಎಬ್ಬಿಸಿದೆ. ಹೇಗಾಯಿತು ಎಂದು ಕೇಳಿದ. ಹೇಳದೆ ಇರಬಹುದಿತ್ತು. ಆದರೆ ಆ ಕಾರಿನಲ್ಲಿ ಕೂತು ಹೇಳದೆ ಇರುವುದು ಹೇಗೆ? ಹೇಳಿದೆ. ಅವನು ಕಾರು ಶುರುಮಾಡಿದ. ಎರಡು ರಸ್ತೆ ದಾಟಿದೆವು. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದ.

"ಕಿಟಕಿ ಹತ್ರ ತಗೊಂಡು ಹೋದ್ರಾ?"

"ಹೂಂ."

"ತಗೊಂಡು ಹೋಗ್ತೀರ ಅಂತ ಗೊತ್ತಿತ್ತು. ಇವತ್ತೇ ತೋರಿಸ್ತಾರೆ ಅಂತ ಗೊತ್ತಿರಲಿಲ್ಲ."

ಸಿಗ್ನಲ್ಲು ಹಸಿರಾಗಿತ್ತು. ಹಿಂದಿನವರು ಹಾರನ್ ಹೊಡೆದ ಮೇಲೆ ಅಂಟು ಕಾರು ಹೊರಡಿಸಿದರು. ನಮ್ಮ ಮನೆಯ ತಿರುವಿನವರೆಗೂ ತಂದು ಬಿಟ್ಟರು. ಅತ್ತೆಯವರಿಗೆ ನಮಸ್ಕಾರ ತಿಳಿಸಿ ಎಂದರು.

ಮಾರ್ಚ್ 7, ಶುಕ್ರವಾರ

ಏನೂ ಇಲ್ಲ.

ಮಾರ್ಚ್ 9, ಭಾನುವಾರ

ಇವರಿಗೆ ಎಲ್ಲವನ್ನೂ ಹೇಳಿದೆ. ಪಾಸು ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದೆಂದು ಕಾದೆ. ಕೇಳಲಿಲ್ಲ. ಪಾಪ ಎಂದರು, ಅಷ್ಟೇ. ನನಗೋ ಪುಡಿಯವರಿಗೋ ಸ್ಪಷ್ಟವಾಗಲಿಲ್ಲ.

ಮಾರ್ಚ್ 11, ಮಂಗಳವಾರ

ಕಂಪನಿಯಿಂದ ಸುದ್ದಿಯಿಲ್ಲ. ಸುದ್ದಿ ಏನಾದರೂ ಗೊತ್ತಿದೆಯೇ ಎಂದು ಕೇಳಲು ಪುಡಿಯವರಿಗೆ ಫೋನ್ ಮಾಡಿದೆ. ಅದಕ್ಕೇ ಮಾಡಿದ್ದು, ಬೇರೆ ಕಾರಣವಿಲ್ಲ. ಆದರೆ ಫೋನಿಟ್ಟ ಮೇಲೆ ನೋಡಿದರೆ, ಕೇಳುವುದು ಮರೆತೇಹೋಗಿತ್ತು.

ಊಟ ಆಯಿತೇ ಎಂದು ಕೇಳಿದೆ. ಆಯಿತು ಎಂದರು. ದನಿ ಬಿದ್ದುಹೋಗಿತ್ತು. ಕೆದಕಿದೆ. ಆ ಆರ್ಡರು ತಪ್ಪಿದ್ದಕ್ಕೆ ಅವರ ಮೇಲಿನವರು ಈ ಕಡೆಯ ಗಿರಾಕಿಗಳನ್ನೆಲ್ಲ ಬೇರೊಬ್ಬನಿಗೆ ವಹಿಸುತ್ತಿದ್ದಾರೆ. ಅವರನ್ನು ಗೋದಾಮಿಗೆ ಹಾಕುತ್ತಾರಂತೆ. ನಿವೃತ್ತಿಗೆ ಹೆಚ್ಚು ವರ್ಷವಿಲ್ಲ, ಅಲ್ಲಿ ನೆರಳಾದರೂ ಇರುತ್ತದೆ ಎಂದರು. ಹೊಸ ಗಿರಾಕಿ ಯಾರಾದರೂ ಈ ತಿಂಗಳು ಸಿಕ್ಕಿದ್ದರೆ ಬೇರೆ ಮಾತಿತ್ತು, ಇರಲಿ ಬಿಡಿ ಎಂದರು.

ನಾನು ಕ್ಷಮಿಸಿ ಎನ್ನಲಿಲ್ಲ. ನೀಲಿ ಹಸಿರು ಹೊಡೆದದ್ದಕ್ಕೆ ನಾನೇಕೆ ಕ್ಷಮೆ ಕೇಳಲಿ? ಮನಸ್ಸಿಗೆ ಮಾತ್ರ ಯಾಕೋ ಸರಿಹೋಗುತ್ತಿಲ್ಲ. ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದೆ.

ಮಾರ್ಚ್ 12, ಬುಧವಾರ

ಪ್ಲಾಸ್ಟಿಕ್ ಕುರ್ಚಿಯ ಕಾರ್ಖಾನೆ ಮಾರುಕಟ್ಟೆಯಿಂದ ಬಹಳ ದೂರವೇನಿಲ್ಲ. ತರಕಾರಿಗೆಂದು ಹೊರಟವಳು ಹಾಗೇ ಹೋದೆ.

ರಿಸೆಪ್ಷನ್ನಿನ ಹುಡುಗಿ ಅಪಾಯಿಂಟ್‌ಮೆಂಟು ಇದೆಯೇ ಎಂದಳು. ಇಲ್ಲ, ನಿಮ್ಮ ಖರೀದಿ ಮೇಡಮ್ಮಿಗೆ ಕಿತ್ತಳೆ ಯಾವುದು ಕೆಂಪು ಯಾವುದು ಎಂದು ಹೇಳಿಕೊಟ್ಟವಳು ಬಂದಿದ್ದಾಳೆ, ಅಷ್ಟು ಹೇಳಿದರೆ ಸಾಕು ಎಂದೆ. ಶಿಷ್ಯೆ ತಾನೇ ಓಡಿಬಂದಳು. ಗಾಜಿನ ಕೋಣೆಗೆ ಕರೆದುಕೊಂಡು ಹೋಗಿ, ಮೇಡಂ ನಿಮ್ಮ ವಿಷಯ ತಲೆಯಲ್ಲೇ ಇದೆ, ಸದ್ಯಕ್ಕೆ ನಮ್ಮಲ್ಲಿ ಜಾಗ ಖಾಲಿಯಿಲ್ಲ, ಬಜೆಟ್ಟು ಎಂದೆಲ್ಲ ರಾಗ ಎಳೆಯತೊಡಗಿದಳು. ಮುಖ ಕೆಂಪಗಾಗಿತ್ತು. ಕಿತ್ತಳೆ ಖಂಡಿತ ಅಲ್ಲ.

"ನನ್ನ ವಿಷಯ ಬಿಡೇ," ಎಂದೆ. "ನೀನು ಬಣ್ಣದ ಪುಡಿ ಯಾರ ಹತ್ರ ತಗೊಳ್ತೀಯಾ?"

ಹೇಳಿದಳು. ಆ ಹಳದಿಯ ಕುರ್ಚಿಗಳು ಒಂದು ಬೇಸಿಗೆಗೆ ಬಿಳುಚಿಕೊಳ್ಳುತ್ತವೆ ಎಂದು ಗಿರಾಕಿಗಳು ದೂರುತ್ತಿರುವುದನ್ನೂ ಹೇಳಿದಳು. ಆಗ ನಾನು ನಮ್ಮ ಪುಡಿಯವರ ಹೆಸರು, ಫೋನ್ ನಂಬರು ಕೊಟ್ಟೆ.

"ಇವರ ನೀಲಿ ತಗೋಬೇಡ. ಹಸಿರು ಹೊಡೆಯುತ್ತೆ, ನಾನು ಒಂದು ಸಲಾನೂ ಪಾಸ್ ಮಾಡಿಲ್ಲ. ಹಳದಿ ತಗೋ. ಆ ಹಳದೀನೂ ಫೇಲ್ ಮಾಡಬೇಕು ಅಂತ ಎಷ್ಟು ಪ್ರಯತ್ನಪಟ್ಟಿದ್ದೀನಿ, ಆಗಲೇ ಇಲ್ಲ. ಕೆಂಪೂ ಪರವಾಗಿಲ್ಲ. ಮನುಷ್ಯ ಸ್ವಲ್ಪ ಅಂಟಿನ ಥರ, ಬೇಗ ಬಿಡಲ್ಲ. ಆದ್ರೆ ಬೈದ್ರೆ ಬೇಜಾರು ಮಾಡ್ಕೊಳ್ಳಲ್ಲ, ಹೇಳಿದ ದಿನ ಮಾಲು ಬರುತ್ತೆ."

ಶಿಷ್ಯೆ ನಂಬರು ಬರೆದುಕೊಂಡಳು. ಯಾರನ್ನಾದರೂ ಶಿಫಾರಸು ಮಾಡುವವರು ಹೀಗೆ ಮಾಡುವುದನ್ನು ತಾನು ನೋಡಿಲ್ಲ ಎಂದಳು. ನನಗೆ ಬೇರೆ ರೀತಿ ಬರುವುದಿಲ್ಲ ಎಂದೆ. ಹೊರಡುವಾಗ ಮಾದರಿ ತರಿಸುತ್ತೇನೆ ಎಂದು ನನ್ನೆದುರೇ ಫೋನ್ ಹಚ್ಚಿದಳು.

ಮನೆಗೆ ಬಂದಮೇಲೆ ಅತ್ತೆ ತರಕಾರಿ ಎಲ್ಲಿ ಎಂದರು.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಪುಡಿಯವರು ಫೋನ್ ಮಾಡಿದ್ದರು. ಹಳದಿ ಪಾಸಾಗಿದೆ. ಕುರ್ಚಿಯವರು ಆರ್ಡರು ಕೊಟ್ಟಿದ್ದಾರೆ. ಗೋದಾಮಿನ ಮಾತು ಸದ್ಯಕ್ಕೆ ನಿಂತಿದೆ.

"ನನ್ನ ನೀಲಿ ಬಗ್ಗೆ ಮೊದಲೇ ಹೇಳಿಬಿಟ್ಟಿದ್ದಿರಂತೆ," ಎಂದರು.

ಹೌದು ಎಂದೆ.

"ಹೇಳದೆ ಇದ್ದಿದ್ರೆ ಹಳದೀನ ನಂಬ್ತಿರಲಿಲ್ಲ ಅಂತ ಆ ಮೇಡಂ ಅಂದ್ರು."

ಆಮೇಲೆ ಅವರು ಅತ್ತೆಯ ಮಂಡಿಯನ್ನು ವಿಚಾರಿಸಿದರು. ನಾನು ಅವರ ಹೆಂಡತಿಯ ಆರೋಗ್ಯ ವಿಚಾರಿಸಿದೆ. ಅತ್ತೆಯ ಚಟ ನನಗೂ ಹತ್ತಿದ ಹಾಗಿದೆ.

ಮಾರ್ಚ್ 21, ಶುಕ್ರವಾರ

ಬಟ್ಟೆ ಒಣಗಿಸುತ್ತಿದ್ದಾಗ ಲ್ಯಾಬಿನ ಮುಖ್ಯಸ್ಥೆಯ ಫೋನ್ ಬಂತು. ಸೋಮವಾರದಿಂದ ಬನ್ನಿ ಎಂದರು. ಕೈಯಲ್ಲಿದ್ದ ಒದ್ದೆ ಟವೆಲು ಕೆಳಗಿನ ಮಹಡಿಯವರ ಕಿಟಕಿಗೆ ಹೋಗಿ ಬಿತ್ತು.

ಇಷ್ಟು ದಿನ ಯಾಕೆ ಹಿಡಿಯಿತು ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳಿದೆ. ಯಾರ ಪರಿಚಯದ ಮೇಲೆ ಬಂದವರನ್ನೂ ತಾವು ಸುಲಭಕ್ಕೆ ನಂಬುವುದಿಲ್ಲ ಎಂದರು. ಅದಕ್ಕೇ ಸಂದರ್ಶನದ ಮರುದಿನ ಪುಡಿಯವರಿಗೇ ಫೋನ್ ಮಾಡಿ, ನೀವು ಕಳಿಸಿದಾಕೆ ನಿಮ್ಮ ಮಾಲನ್ನೇ ಫೇಲು ಮಾಡಿದ್ದಾರೆ, ನಿಮ್ಮ ಆರ್ಡರು ಹೋಯಿತು, ಈಗಲೂ ಅವರನ್ನೇ ತೆಗೆದುಕೊಳ್ಳಿ ಎನ್ನುತ್ತೀರಾ ಎಂದು ಕೇಳಿದರಂತೆ.

"ಏನಂದ್ರು?" ಎಂದೆ.

"'ಆಕೆ ಫೇಲ್ ಅಂದ್ರೆ ಅದು ಫೇಲೇ. ಇನ್ನೊಬ್ಬರನ್ನ ಹುಡುಕ್ತಾ ಕೂರಬೇಡಿ' ಅಂದ್ರು. ಆಮೇಲೆ ಯಂತ್ರ ಪಾಸು ಮಾಡಿದ್ದ ಹಳೇ ತಗಡುಗಳನ್ನೆಲ್ಲ ಕಿಟಕಿಗೆ ಹಿಡಿದು ನೋಡಿದೆ. ಅದರಲ್ಲಿ ಎರಡು ವಾರ ಹೋಯ್ತು."

ಮರುದಿನ ಎಂದರೆ ಏಳನೇ ತಾರೀಖು. ಹನ್ನೊಂದಕ್ಕೆ ನಾನು ಫೋನ್ ಮಾಡಿದಾಗ ಇದರ ಒಂದು ಮಾತೂ ಆಡಲಿಲ್ಲ. ಗೋದಾಮಿನಲ್ಲಿ ನೆರಳಿರುತ್ತದೆ ಎಂದರು.

ಅತ್ತೆ ಬಂದು, ಯಾಕೆ ಅಳುತ್ತಿದ್ದೀಯಾ ಎಂದರು. ಟವೆಲು ಬಿದ್ದುಹೋಯಿತು ಎಂದೆ.

ಸಂಜೆ ಅವರಿಗೆ ಫೋನ್ ಮಾಡಿ ಸೋಮವಾರದಿಂದ ಸೇರುತ್ತಿದ್ದೇನೆ ಎಂದೆ. ಒಳ್ಳೆಯದಾಯಿತು ಎಂದರು. ಮುಖ್ಯಸ್ಥೆ ಎಲ್ಲವನ್ನೂ ಹೇಳಿದರು ಎಂದೆ. ಆಕೆಗೆ ಉದ್ದ ಮಾತು ಹಿಡಿಸುವುದಿಲ್ಲ ಅಂದುಕೊಂಡಿದ್ದೆ ಎಂದರು. ಇನ್ನು ಮೇಲೆ ಅವರು ಮಾರುವವರು, ನಾನು ಪರೀಕ್ಷೆ ಮಾಡುವವಳು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಚಹಾ ಕುಡಿದರೆ ನೋಡಿದವರು ಏನಾದರೂ ಅಂದಾರು. ಇದನ್ನು ಮೊದಲು ಹೇಳಿದ್ದು ಅವರೇ. ಹಾಗಾದರೆ ಭಾನುವಾರವೇ ಬನ್ನಿ, ಮನೆಯವರನ್ನೂ ಕರೆತನ್ನಿ ಎಂದೆ.

ಮಾರ್ಚ್ 23, ಭಾನುವಾರ

ಇಬ್ಬರೂ ಬಂದಿದ್ದರು. ಅವರ ಹೆಂಡತಿ ಗಂಡನಿಗೆ ತದ್ವಿರುದ್ಧ, ಬಾಯಿ ತುಂಬ ಮಾತು. ಒಳಗೆ ಬಂದವರೇ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿದರು.

"ಓ, ಕಿಟಕಿ ಅಂದ್ರೆ ನೀವೇನಾ?"

ಅವರು ಕೆಮ್ಮಿದರು. ಹೆಂಡತಿ ಬಿಡಲಿಲ್ಲ. ನಮ್ಮ ಮನೆಯಲ್ಲಿ ನಿಮ್ಮ ಹೆಸರು ಕಿಟಕಿ ಅಂತಲೇ, 'ಇವತ್ತು ಕಿಟಕಿ ಹತ್ರ ಹೋಗಿದ್ದೆ, ಫೇಲು' ಅಂದುಕೊಂಡೇ ಇವರು ಚಪ್ಪಲಿ ಬಿಡುತ್ತಿದ್ದದ್ದು, ಇಷ್ಟು ವರ್ಷ ನಾನು ನಿಮ್ಮನ್ನು ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ ಎಂದರು. ಮಗಳು ನಕ್ಕೂ ನಕ್ಕೂ ಸೋಫಾದಿಂದ ಜಾರಿದಳು. ಇವರು ನಗುವುದನ್ನು ನೋಡಿ ಎಷ್ಟು ದಿನವಾಗಿತ್ತೋ. ಕಟ್ಟುವ ಹಲ್ಲಿನವರಾದರೂ ಸ್ವಂತ ಹಲ್ಲು ಚೆನ್ನಾಗಿವೆ.

"ನೀನು ಇವರಿಗೇನು ಹೆಸರಿಟ್ಟಿದ್ದೆ?" ಎಂದು ಅತ್ತೆ ನನ್ನ ಕಡೆ ತಿರುಗಿದರು.

ಏನೂ ಇಟ್ಟಿರಲಿಲ್ಲ, ಸಾರ್ ಅನ್ನುತ್ತಿದ್ದೆ ಎಂದೆ. ಅವರು ನನ್ನ ಮುಖ ನೋಡಿ, ನಂಬಿದವರಂತೆ ತಲೆಯಾಡಿಸಿದರು.

ಐದು ಗಂಟೆಗೇ ಹೊರಡಲು ಎದ್ದರು. ನಾಳೆಯಿಂದ ನಾನು ಬಂದರೆ ರಿಸೆಪ್ಷನ್ನಿನಲ್ಲೇ ಕೂರುತ್ತೇನೆ, ನೀವು ಗುರುತಿದ್ದ ಹಾಗೆ ಮಾಡಬೇಡಿ ಎಂದರು.

"ಗುರುತು ಹಿಡೀತೀನಿ. ಪಾಸ್ ಮಾಡಲ್ಲ," ಎಂದೆ.

"ನಾಳೆ ಕಥೆ ನಾಳೆಗಾಯ್ತು. ಇವತ್ತು ಭಾನುವಾರ, ಕೂತ್ಕೊಳ್ಳಿ," ಎಂದು ಅತ್ತೆ ಮತ್ತೆ ಚಹಾಕ್ಕಿಟ್ಟರು. ಅವರು ಹೆಂಡತಿಯ ಮುಖ ನೋಡಿದರು, ಗಡಿಯಾರ ನೋಡಿದರು, ಕೂತರು.